ಒಂದು ಮನೆ ಕೆಳಗೆ

ಹೋಟೆಲಿನ ಸ್ಪೀಕರಿನಲ್ಲಿ ನಮ್ಮ ಹಾಡು ಶುರುವಾಗಿದ್ದೇ ತಡ, ಟೀಚರ್ ಅರ್ಧ ಕಾಫಿ ಬಿಟ್ಟು ಎದ್ದು ನಿಂತಳು.

"ಮೇಲೆ ಕೇಬಲ್ ಸುತ್ತೋದಿದೆ," ಅಂದಳು.

ಕೇಬಲ್ಲುಗಳನ್ನೆಲ್ಲ ಅವಳು ಆಗಲೇ ಸುತ್ತಿ ಗೋಡೆಯ ಮೊಳೆಗೆ ನೇತುಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. "ಕೂತ್ಕೊಳ್ಳಿ, ಕಾಫಿ ಆರುತ್ತೆ," ಅಂದೆ. ಅವಳು ಕನ್ನಡಕದ ಮೇಲಿಂದ ಒಂದು ಕ್ಷಣ ನನ್ನನ್ನು ನೋಡಿ, ನೋಡಬಾರದ್ದನ್ನು ನೋಡಿದವಳಂತೆ ಕಣ್ಣು ತಿರುಗಿಸಿ, ಸ್ಟುಡಿಯೋದ ಮೆಟ್ಟಿಲು ಹತ್ತಿಬಿಟ್ಟಳು. ಇದೇ ಮೊದಲಲ್ಲ. ಆ ಹಾಡು ಎಲ್ಲಿ ಕೇಳಿಸಿದರೂ ಅವಳಿಗೆ ಎದ್ದು ಹೋಗಲು ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ನಾನು ಅವಳ ಕಪ್ಪಿನ ಎದುರು ಒಬ್ಬನೇ ಕೂತೆ. ಹಾಡು ಕೊನೆಯ ಸಾಲಿಗೆ ಬಂತು. 'ತಡವಾದರೂ ಪರವಾಗಿಲ್ಲ, ಬಾ.' ಆ 'ಬಾ' ಮೇಲಕ್ಕೇರಿ, ಇನ್ನೂ ಮೇಲಕ್ಕೇರಿ, ಅಲ್ಲೇ ನಿಂತುಬಿಡುತ್ತದೆ. ಗಲ್ಲಾದಲ್ಲಿ ಕೂತವನು ಜೊತೆಗೆ ಹಾಡಲು ಹೋಗಿ ಕೆಮ್ಮಿದ. "ಗಂಟಲಲ್ಲಿ ಏನಿಟ್ಕೊಂಡಿದಾನೋ ಪುಣ್ಯಾತ್ಮ!" ಎಂದು ನನ್ನ ಕಡೆ ನೋಡಿ ನಕ್ಕ. ಅವನಿಗೆ ನನ್ನ ಗುರುತು ಸಿಕ್ಕಿರಲಿಲ್ಲ. ನಾನೂ ನಗಲು ನೋಡಿದೆ.

ಆ ಹಾಡು ಹಾಡಿದವನು ನಾನು. ಈಗ ಅದನ್ನು ಹಾಡಲಾಗದವನೂ ನಾನೇ. ಮುಂದಿನ ವಾರ ಊರಿನ ದೊಡ್ಡ ಸ್ಟೇಡಿಯಂನಲ್ಲಿ, ಕ್ಯಾಮೆರಾಗಳ ಮುಂದೆ, ಮೊತ್ತಮೊದಲ ಬಾರಿಗೆ ಅದನ್ನು ಲೈವ್ ಹಾಡಬೇಕಿತ್ತು. ಅದು ನನ್ನಿಂದಾಗದು ಎಂಬುದು ನನ್ನ ಹೊರತು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ಟೀಚರ್ ನಿಜಕ್ಕೂ ಟೀಚರ್ ಅಲ್ಲ. ನಮ್ಮ ಬ್ಯಾಂಡಿನ ಸೌಂಡ್ ಎಂಜಿನಿಯರ್. ಗಾಜಿನ ಆಚೆ ಕೂತು, ಕೂದಲಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು, "ಚೆನ್ನಾಗಿತ್ತು, ಇನ್ನೊಂದ್ ಸಲ" ಎಂದು ಹೇಳಿ ಹೇಳಿ ಆ ಹೆಸರು ಸಂಪಾದಿಸಿದ್ದಳು. ಹೆಸರಿಟ್ಟವನು ನಮ್ಮ ಡ್ರಮ್ಮರ್. ಅವನಿಗೆ ನಾವಿಟ್ಟ ಹೆಸರು ಗುಡುಗಣ್ಣ.

ಸ್ಟುಡಿಯೋ ಇದ್ದದ್ದು ಹೋಟೆಲಿನ ಪಕ್ಕದ ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಅದರ ಬಾಗಿಲು ಗೋಡೆಯಷ್ಟು ದಪ್ಪ. ಒಮ್ಮೆ ಹಾಕಿದರೆ ಹೊರಗಿನಿಂದ ಯಾರು ಎಷ್ಟೇ ಬಡಿದರೂ ಒಳಗೆ ಕೇಳದು. ಟೀಚರ್ ಬರುವ ಬಸ್ಸು ದಿನಾ ತಡ. ಬಾಗಿಲು ಮುಚ್ಚಿಕೊಳ್ಳದ ಹಾಗೆ ನಾನು ಗಿಟಾರಿನ ಪೆಟ್ಟಿಗೆಯನ್ನು ಅದಕ್ಕೆ ಅಡ್ಡ ಇಟ್ಟು ಕಾಯುತ್ತಿದ್ದೆ. ಬಾಗಿಲು ಹಾಕದೆ ಡ್ರಮ್ ಬಾರಿಸಿದರೆ ಕೆಳಗಿನವರು ಜಗಳಕ್ಕೆ ಬರುತ್ತಾರೆ. ಹಾಗಾಗಿ ಗುಡುಗಣ್ಣ ಕೋಲು ಹಿಡಿದುಕೊಂಡು, "ಏನಪ್ಪಾ, ಇನ್ನೂ ಬಾಗಿಲು ಹಾಕಿಲ್ವಾ?" ಎಂದು ಗೊಣಗುತ್ತಿದ್ದ. ಹಾಗೆ ಕಾಯುತ್ತಾ ಕೂತಾಗಲೇ ನಾನು 'ಇನ್ನೂ ಬಾಗಿಲು ಹಾಕಿಲ್ಲ' ಎಂಬ ಈ ಹಾಡು ಬರೆದದ್ದು. ಯಾರಿಗಾಗಿ ಎಂದು ಯಾರೂ ಕೇಳಲಿಲ್ಲ. ಹೇಳುವ ಧೈರ್ಯ ನನಗೂ ಇರಲಿಲ್ಲ. ಟೀಚರ್ ಎದುರಿನಲ್ಲಿ ನಾನು ಹೇಳುತ್ತಿದ್ದದ್ದು 'ಬನ್ನಿ' ಅಂತಲೇ. 'ಬಾ' ಅನ್ನುವ ಸಲುಗೆ ಹಾಡಿನಲ್ಲಿ ಮಾತ್ರ.

ರೆಕಾರ್ಡಿಂಗ್ ದಿನ ನನಗೆ ನೆಗಡಿ. ಆ 'ಬಾ' ಹತ್ತಿರ ಬಂದಾಗಲೆಲ್ಲ ಧ್ವನಿ ಒಡೆಯುತ್ತಿತ್ತು. ಕೊನೆಗೆ ಹೆಡ್‌ಫೋನ್ ಕಿತ್ತು ಸ್ಟ್ಯಾಂಡಿಗೆ ಹಾಕಿ, "ಈ ಹಾಡೇ ಬೇಡ, ಆಲ್ಬಮ್ಮಿಂದ ತೆಗೆದುಹಾಕಿ" ಎಂದೆ.

"ಬಿಸಿನೀರು ಕುಡಿದು ಬನ್ನಿ," ಗಾಜಿನ ಆಚೆಯಿಂದ ಟೀಚರ್ ಹೇಳಿದಳು. "ಇನ್ನೊಂದೇ ಒಂದ್ ಸಲ. ನನಗೋಸ್ಕರ."

ಬಂದು ಹಾಡಿದೆ. ಬಂತು! ಎಲ್ಲಿತ್ತೋ ಏನೋ, ಧ್ವನಿ ನೆಟ್ಟಗೆ ಹೋಗಿ ನಿಂತಿತು. ಗುಡುಗಣ್ಣ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಟೀಚರ್ ಮಾತ್ರ ತಲೆ ತಗ್ಗಿಸಿ ಮುಂದಿನ ಗುಂಡಿಗಳನ್ನೇ ನೋಡುತ್ತಿದ್ದಳು. ಆಮೇಲೆ ಸಿದ್ಧವಾದ ಹಾಡು ಕೇಳಿಸಿದಾಗ, "ನನ್ನ ಧ್ವನಿ ಇಷ್ಟು ಎಳೇ ಹುಡುಗನ ಥರ ಇದೆಯಾ?" ಎಂದೆ.

"ನೆಗಡಿ ನಿಮಗೆ ಹೊಂದುತ್ತೆ ಬಿಡಿ," ಎಂದಳು. ನಗಲಿಲ್ಲ.

ಆಲ್ಬಮ್ಮಿನ ಕೊನೆಯ ಹಾಡು ಅದು. ಯಾರೂ ಕೇಳದೆ ಬಿದ್ದಿತ್ತು. ಅಷ್ಟರಲ್ಲಿ ಒಂದು ಹಾಸಿಗೆ ಕಂಪನಿಯವರು ಅದನ್ನು ತಮ್ಮ ಜಾಹೀರಾತಿಗೆ ಹಾಕಿಕೊಂಡರು. ದಣಿದು ಬಂದ ಮನುಷ್ಯ, ಮೆತ್ತನೆ ಹಾಸಿಗೆ, ಹಿಂದಿನಿಂದ ನನ್ನ ಧ್ವನಿ: ತಡವಾದರೂ ಪರವಾಗಿಲ್ಲ, ಬಾ. ಅಲ್ಲಿಂದ ಶುರುವಾಯಿತು ನೋಡಿ. ಲಿಫ್ಟಿನಲ್ಲಿ, ಸಲೂನಿನಲ್ಲಿ, ಪಕ್ಕದ ಮನೆಯವರ ಫೋನಿನಲ್ಲಿ, ಎಲ್ಲೆಲ್ಲೂ ಅದೇ. ಒಂದು ಬೀಗದ ಕಂಪನಿಯವರೂ ಆಸೆಯಿಂದ ಬಂದಿದ್ದರು, ಹಾಡಿನ ಹೆಸರು ಕೇಳಿ ಎದ್ದು ಹೋದರು. ಪತ್ರಿಕೆಯವರು, "ಬಿಟ್ಟು ಹೋದ ಆ ಹುಡುಗಿ ಯಾರು?" ಎಂದು ಕೇಳಿದರು. ನಾನು ನಕ್ಕು ಸುಮ್ಮನಾದೆ. 'ಗಾಯಕ ಕಣ್ಣೀರು ಮರೆಮಾಚಿದರು' ಎಂದು ಬರೆದರು.

ಟೀವಿಯಲ್ಲಿ ಹಾಡಿದ್ದೆಲ್ಲ ಬರೀ ತುಟಿ ಆಡಿಸಿದ್ದು. ಹಾಗಾಗಿ ಸ್ಟೇಡಿಯಂ ಕಾರ್ಯಕ್ರಮ ನಿಗದಿಯಾದ ಮೇಲೆಯೇ ನಾನು ಅದನ್ನು ಬಚ್ಚಲಮನೆಯಲ್ಲಿ ನಿಜವಾಗಿ ಹಾಡಿ ನೋಡಿದ್ದು. 'ಬಾ' ಅರ್ಧಕ್ಕೇ ಒಡೆದು ಕಿರುಚಾಟವಾಯಿತು. ಹೊರಗಿನಿಂದ ಅಕ್ಕ ಬಾಗಿಲು ಬಡಿದಳು.

"ಏನೋ ಆಯ್ತು? ಜಾರಿ ಬಿದ್ಯಾ?"

"ಇಲ್ಲ ಅಕ್ಕಾ, ಹಾಡ್ತಿದ್ದೆ."

"ಅಯ್ಯೋ, ನನ್ನ ಜೀವ ಬಾಯಿಗೆ ಬಂದಿತ್ತು ಕಣೋ. ಮೆತ್ತಗೆ ಹಾಡು."

ಮರುದಿನವೂ ಒಡೆಯಿತು, ಅದರ ಮರುದಿನವೂ. ನೆಗಡಿಯಿಲ್ಲ, ಕೆಮ್ಮಿಲ್ಲ, ಆದರೂ ಬರಲಿಲ್ಲ. ಡಾಕ್ಟರು ಗಂಟಲಿಗೆ ನಳಿಕೆ ಇಳಿಸಿ ನೋಡಿದರು. "ಫಸ್ಟ್ ಕ್ಲಾಸ್ ಗಂಟಲು. ನಿಮಗೇನೂ ಆಗಿಲ್ಲ. ನಮ್ಮ ಮಗಳಿಗೆ ಒಂದು ಫೋಟೋ ಬೇಕಂತೆ, ಆಗಬಹುದಾ?" ಎಂದರು. ಗಂಟಲು ಕೆಟ್ಟಿದೆ ಎಂದಿದ್ದರೆ ಮಾತ್ರೆ ನುಂಗಿ ಸುಮ್ಮನಿರುತ್ತಿದ್ದೆ. ಏನೂ ಆಗಿಲ್ಲ ಎಂದ ಮೇಲೆ ನಿಜವಾದ ಹೆದರಿಕೆ ಹತ್ತಿಕೊಂಡಿತು. ಹಾಗಾದರೆ ಹೋದದ್ದು ಏನು? ಎಲ್ಲಿಗೆ ಹೋಯಿತು?

ಜನ ಬೈದಾರು, ರೆಕಾರ್ಡ್ ಕಂಪನಿ ಕೈಬಿಟ್ಟೀತು, ಆ ಹೆದರಿಕೆ ಇದ್ದದ್ದು ನಿಜ. ಅದಕ್ಕಿಂತ ದೊಡ್ಡ ಹೆದರಿಕೆ ಟೀಚರ್ ಬಗ್ಗೆ. ಅವಳು ಕಿವಿಯಿಂದ ಬದುಕುವವಳು. ನಾನು ಅವಳ ಪಾಲಿಗೆ ಒಂದು ಗಂಟಲು, ಅದರ ಸುತ್ತ ಒಬ್ಬ ಮನುಷ್ಯ. ಗಂಟಲೇ ಹೋದರೆ ಉಳಿದವನನ್ನು ಅವಳು ಯಾಕೆ ನೋಡಬೇಕು? ಈಗಾಗಲೇ ನೋಡುವುದನ್ನು ಬಿಟ್ಟಿದ್ದಳಲ್ಲ.

ಪ್ರಾಕ್ಟೀಸಿನಲ್ಲಿ ಆ ಸಾಲು ಬಂದಾಗಲೆಲ್ಲ ಗಂಟಲು ಉಳಿಸಿಕೊಳ್ಳುತ್ತಿದ್ದೇನೆ ಎಂದು ಹೇಳಿ ನಾನು ಗುನುಗಿ ದಾಟಿಸುತ್ತಿದ್ದೆ. ನನ್ನ ಕಿವಿಯೊಳಗೆ ಒಂದು ಪುಟ್ಟ ಇಯರ್‌ಫೋನ್. ಪಕ್ಕದ ತನ್ನ ಮೇಜಿನಿಂದ ಟೀಚರ್ ಮಾತಾಡಿದರೆ ಅದು ನನಗೊಬ್ಬನಿಗೇ ಕೇಳುತ್ತದೆ.

"ಇವತ್ತೂ ಗಂಟಲು ಉಳಿತಾಯನಾ?" ಕಿವಿಯಲ್ಲಿ ಅವಳ ಧ್ವನಿ.

"ಹೂಂ."

"ಬಡ್ಡಿ ಚೆನ್ನಾಗಿ ಬರುತ್ತಾ?"

ತಿರುಗಿ ನೋಡಿದೆ. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ತುಟಿಯ ಒಂದು ಕೊನೆ ಮಾತ್ರ ನಗುತ್ತಿತ್ತು. ಎಷ್ಟು ದಿನವಾಗಿತ್ತು ಆ ಅರೆನಗು ಕಂಡು! ಒಂದು ಕ್ಷಣ ಹೆದರಿಕೆಯೆಲ್ಲ ಮರೆತೇಹೋಯಿತು. ಅಷ್ಟರಲ್ಲಿ ಅವಳು ಎದ್ದು ಬಂದು, ನನ್ನ ಕಾಲರಿನ ಹಿಂದೆ ಸಡಿಲಾಗಿದ್ದ ವೈರನ್ನು ಸರಿಪಡಿಸಿದಳು. ಕತ್ತಿಗೆ ತಾಕಿದ ಬೆರಳು ತಣ್ಣಗಿತ್ತು. ಎ.ಸಿ. ಜಾಸ್ತಿಯಾಯಿತೇನೋ ಎಂದುಕೊಂಡೆ. ನನ್ನಷ್ಟು ದಡ್ಡ ಇನ್ನೊಬ್ಬನಿಲ್ಲ.

ಕಾರ್ಯಕ್ರಮದ ದಿನ ಮಧ್ಯಾಹ್ನ ಖಾಲಿ ಸ್ಟೇಡಿಯಂನಲ್ಲಿ ಸೌಂಡ್ ಚೆಕ್. ಕುರ್ಚಿಗಳ ಸಾಲಿಗೆ ಕೊನೆಯೇ ಕಾಣುತ್ತಿರಲಿಲ್ಲ. ಕಂಪನಿಯ ಮ್ಯಾನೇಜರ್ ನನ್ನ ಬೆನ್ನು ತಟ್ಟಿದ.

"ಇವತ್ತು ಫುಲ್ ವಾಯ್ಸ್ ಕೊಟ್ಬಿಡಿ ಸಾರ್. ರೆಕಾರ್ಡಲ್ಲಿ ಇದ್ದ ಹಾಗೇ. ನೋ ಟೆನ್ಷನ್."

ಅವನ ಬಾಯಲ್ಲಿ ನೋ ಟೆನ್ಷನ್ ಬಂದರೆ ನನಗೆ ಟೆನ್ಷನ್ ಶುರು. "ಎರಡೇ ನಿಮಿಷ," ಎಂದು ಹೇಳಿ ವೇದಿಕೆಯ ಹಿಂದಕ್ಕೆ ಓಡಿದೆ. ಸ್ಪೀಕರುಗಳನ್ನು ತುಂಬಿಕೊಂಡು ಬಂದ ಕಪ್ಪು ಪೆಟ್ಟಿಗೆಗಳು ಅಲ್ಲಿ ಸಾಲಾಗಿದ್ದವು. ಅವುಗಳ ಸಂದಿಯಲ್ಲಿ ಕುಕ್ಕರುಗಾಲಲ್ಲಿ ಕೂತೆ. ಹಿಂದಿನ ಗೇಟು ತೆರೆದಿತ್ತು. ಓಡಿಹೋದರೆ? ಎಷ್ಟು ದೂರ ಓಡಿದರೂ ಯಾವುದಾದರೂ ಅಂಗಡಿಯಲ್ಲಿ ಆ ಹಾಡು ಕೇಳಿಸದೆ ಇರುವುದಿಲ್ಲ.

"ಸಿಕ್ಕಿದ್ರಿ."

ತಲೆಯೆತ್ತಿದರೆ ಟೀಚರ್. ಏದುಸಿರು ಬಿಡುತ್ತಿದ್ದಳು.

"ಹೇಗೆ ಗೊತ್ತಾಯ್ತು?"

"ಕೈಯಲ್ಲಿರೋ ಮೈಕು ಆನ್ ಇದೆ. ನಿಮ್ಮ 'ಅಯ್ಯೋ ಅಮ್ಮಾ, ಅಯ್ಯೋ ಅಮ್ಮಾ' ಎಲ್ಲ ನನ್ನ ಹೆಡ್‌ಫೋನಿಗೆ ಬಂತು. ಬೇರೆ ಯಾರಿಗೂ ಹೋಗದ ಹಾಗೆ ಮುಚ್ಚಿ ಬಂದಿದೀನಿ."

ನಾನು ಮೈಕ್ ಆರಿಸಿದೆ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

"ನನ್ನ ಧ್ವನಿ ಹೋಗಿದೆ, ಟೀಚರ್."

"ಹೋಗಿಲ್ಲ."

"ನಿಮಗೆ ಗೊತ್ತಿಲ್ಲ. ಆ 'ಬಾ' ಒಂದ್ ಸಲಾನೂ ಬರ್ತಿಲ್ಲ. ಡಾಕ್ಟ್ರು ನೋಡಿದ್ರೆ ಗಂಟಲು ಸರಿ ಇದೆ ಅಂತಾರೆ. ಅಲ್ಲಿ ಅಷ್ಟು ಜನ ಬರ್ತಾರೆ. ನಾನು ಬಾಯಿ ತೆಗೀತೀನಿ, ಏನೂ ಬರಲ್ಲ."

ಅವಳ ಮುಖ ಬಿಳಿಚಿಕೊಂಡಿತು. ಎದುರಿನ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. ಕನ್ನಡಕ ತೆಗೆದು ಒರೆಸಿದಳು, ಮತ್ತೆ ಒರೆಸಿದಳು.

"ಹೋಗಿಲ್ಲ," ಎಂದಳು. "ಅದು ಇರ್ಲೇ ಇಲ್ಲ."

"ಅಂದ್ರೆ?"

"ಆ ಜಾಗಕ್ಕೆ ನೀವು ಯಾವತ್ತೂ ಹಾಡಿಲ್ಲ. ನೀವು ಬಿಸಿನೀರು ಕುಡಿಯೋಕೆ ಹೋದಾಗ ನಾನು ಸಂಗೀತಾನ ಒಂದು ಮನೆ ಕೆಳಗಿಳಿಸಿ ನಿಮ್ಮ ಕಿವಿಗೆ ಕೊಟ್ಟೆ. ನೀವು ಅದಕ್ಕೆ ಹಾಡಿದ್ರಿ. ನೀವು ಹೋದ್ಮೇಲೆ ನಿಮ್ಮ ಧ್ವನೀನ ಒಂದು ಮನೆ ಮೇಲಕ್ಕೆತ್ತಿ ಕೂರಿಸಿದೆ. ಎಳೇ ಹುಡುಗನ ಥರ ಇದೆ ಅಂದ್ರಲ್ಲ, ಅದಕ್ಕೇ."

ಕೀಬೋರ್ಡಿನಲ್ಲಿ ಒಂದು ಕೀಗೂ ಅದರ ಪಕ್ಕದ ಕೀಗೂ ಇರುವ ದೂರವೇ ನಮ್ಮ ಲೆಕ್ಕದಲ್ಲಿ ಒಂದು ಮನೆ. ಬೆರಳಗಲದ ದೂರ. ಅಷ್ಟಕ್ಕಾಗಿ ನಾನು ಇಷ್ಟು ದಿನ ಊಟ ಬಿಟ್ಟಿದ್ದೆ.

ಮೊದಲು ಬಂದದ್ದು ಸಿಟ್ಟಲ್ಲ. ಎದೆಯ ಮೇಲಿನ ಭಾರ ಇಳಿದು, ಅಲ್ಲೇ ನೆಲಕ್ಕೆ ಕಾಲು ಚಾಚಿಬಿಟ್ಟೆ. ನಾನು ಏನನ್ನೂ ಕಳೆದುಕೊಂಡಿರಲಿಲ್ಲ. ಸಿಟ್ಟು ಆಮೇಲೆ ಬಂತು, ಸರಿಯಾಗೇ ಬಂತು.

"ಹೇಳ್ಬಹುದಿತ್ತಲ್ಲ! ಹುಚ್ಚು ಹಿಡಿಯೋದೊಂದು ಬಾಕಿ ಇತ್ತು ನಂಗೆ!"

"ಹೇಗೆ ಹೇಳ್ಲಿ?" ಅವಳ ಧ್ವನಿಯೂ ಏರಿತು. "ಊರೆಲ್ಲ ನಿಮ್ಮ ಗಂಟಲನ್ನ ಹೊಗಳ್ತಿರೋವಾಗ, ಅದು ನಾನು ಒತ್ತಿದ ಒಂದು ಗುಂಡಿ ಅಂತ ಹೇಳ್ಲಾ? ನಾನೂ ಹೆದರಿ ಸಾಯ್ತಿದ್ದೆ. ನೀವು ಗಂಟಲು ಉಳಿಸ್ಕೋತಿದೀನಿ ಅಂದಾಗೆಲ್ಲ, ನೆಗಡಿ ಹೋಗಿದೆಯಲ್ಲ, ಈಗ ನಿಜವಾಗ್ಲೂ ಬರುತ್ತೇನೋ ಅಂತ ಆಸೆ ಪಡ್ತಿದ್ದೆ. ಕೇಳೋಕೆ ಧೈರ್ಯ ಆಗ್ಲಿಲ್ಲ."

"ಯಾಕೆ ಹಾಗ್ ಮಾಡಿದ್ರಿ?"

"ಹಾಡು ತೆಗೆದುಹಾಕಿ ಅಂದ್ರಲ್ಲ ನೀವು. ನಂಗೆ ಆ ಹಾಡು ಬೇಕಿತ್ತು. ಕೊನೇ ಹಾಡು, ಯಾರು ಕೇಳ್ತಾರೆ, ನಾನೊಬ್ಳು ಕೇಳ್ಕೊಂಡಿರೋಣ ಅಂತ."

"ಚೆನ್ನಾಗಿ ಕೇಳ್ತೀರಿ! ಹಾಡು ಶುರುವಾದ್ರೆ ಎದ್ದು ಓಡ್ತೀರಿ."

"ಹೆದರಿಕೆ," ಎಂದು ಪೆನ್ಸಿಲ್ ಕೈಗೆತ್ತಿಕೊಂಡು ಅದನ್ನೇ ತಿರುಗಿಸಿದಳು. "ಹೆದರಿಕೆ, ಮತ್ತೆ ಹೊಟ್ಟೆಕಿಚ್ಚು."

"ಯಾರ ಮೇಲೆ?"

"ಆ ಬಿಟ್ಟು ಹೋದವಳ ಮೇಲೆ. ಇಷ್ಟೆಲ್ಲ ಆದ್ಮೇಲೂ ಬಾ ಬಾ ಅಂತ ಕರೀತಿದೀರಲ್ಲ, ಪುಣ್ಯ ಮಾಡಿದಾಳೆ."

ನನಗೆ ನಗು ತಡೆಯಲಾಗಲಿಲ್ಲ. ಅವಳು ಕೆಂಪಾಗಿ ಎದ್ದು ಹೊರಟಳು. ಅವಳ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಹೆಡ್‌ಫೋನಿನ ವೈರು ನನ್ನ ಕೈಗೆ ಸಿಕ್ಕಿತು. ಅದನ್ನೇ ಹಿಡಿದುಕೊಂಡೆ.

"ಸ್ಟುಡಿಯೋ ಬಾಗಿಲಿಗೆ ಗಿಟಾರ್ ಪೆಟ್ಟಿಗೆ ಅಡ್ಡ ಇಡ್ತಿದ್ದವರು ಯಾರು ಟೀಚರ್?"

"ನೀವು."

"ಯಾಕೆ?"

"ಯಾಕೆ ಅಂದ್ರೆ... ಹಾಕಿದ್ರೆ ಬಡಿದದ್ದು ಕೇಳ್ಸಲ್ಲ."

"ಯಾರು ಬಡಿದದ್ದು? ಗುಡುಗಣ್ಣ ಒಳಗೇ ಇರ್ತಿದ್ದ. ಯಾರ ಬಸ್ಸು ದಿನಾ ತಡ ಆಗ್ತಿತ್ತು?"

ಅವಳು ನಿಂತಲ್ಲೇ ನಿಂತಳು. ಪೆನ್ಸಿಲ್ ಕೈಯಿಂದ ಜಾರಿ ಪೆಟ್ಟಿಗೆಯಡಿ ಉರುಳಿತು.

"ಯಾರೂ ನನ್ನನ್ನ ಬಿಟ್ಟು ಹೋಗಿಲ್ಲ," ನಾನು ಹೇಳಿದೆ. "ಬಂದವರಿಗೇ ಬರೆದದ್ದು. ಆ ಬಾಗಿಲು ಬಿಟ್ರೆ ನಂಗೆ ಬೇರೆ ಬಾಗಿಲು ಗೊತ್ತಿಲ್ಲ."

ಅವಳು ಬಾಯಿ ತೆರೆದಳು. ಏನು ಹೇಳುತ್ತಿದ್ದಳೋ, ಅಷ್ಟರಲ್ಲಿ ಮ್ಯಾನೇಜರ್ ತಲೆ ಹಾಕಿದ. ಹಿಂದೆಯೇ ಗುಡುಗಣ್ಣ.

ವಿಷಯ ಹೇಳಲೇಬೇಕಾಯಿತು. ಕೇಳಿ ಗುಡುಗಣ್ಣ ತಲೆ ಕೆರೆದುಕೊಂಡ. ಮ್ಯಾನೇಜರ್ ಒಂದು ನಿಮಿಷ ಬೆವರಿದ, ಆಮೇಲೆ ಅವನ ಮುಖ ಅರಳಿತು.

"ಇಷ್ಟೇ ತಾನೇ? ರೆಕಾರ್ಡ್ ಆದ ಧ್ವನೀನೇ ಹಾಕೋಣ. ನೀವು ತುಟಿ ಆಡಿಸಿ. ಟೀವಿಯಲ್ಲಿ ಆಡಿಸ್ಲಿಲ್ವಾ? ನೋ ಟೆನ್ಷನ್."

ಸುಳ್ಳು ಹೇಳಬಾರದು, ನನಗೆ ಆಸೆಯಾಯಿತು. ಎಷ್ಟು ಸುಲಭ! ಒಡೆಯುವ ಭಯವಿಲ್ಲ, ಯಾರಿಗೂ ಗೊತ್ತಾಗದು. ಇನ್ನೊಂದು ದಾರಿಯೆಂದರೆ ಗಿಟಾರುಗಳನ್ನೆಲ್ಲ ಒಂದು ಮನೆ ಇಳಿಸಿ ನನ್ನ ಧ್ವನಿಯಲ್ಲೇ ಹಾಡುವುದು. ಒಮ್ಮೆ ಇಳಿಸಿದರೆ ರೆಕಾರ್ಡಿನ ಧ್ವನಿ ಅದರ ಜೊತೆ ಹೊಂದುವುದಿಲ್ಲ. ನಡುವೆ ನಾನು ಹೆದರಿ ನಿಂತರೆ ಕಾಪಾಡುವುದಕ್ಕೆ ಏನೂ ಇರುವುದಿಲ್ಲ.

"ಮನೆಗಿನೆ ಎಲ್ಲ ನಂಗೊತ್ತಿಲ್ಲಪ್ಪ," ಎಂದ ಗುಡುಗಣ್ಣ. "ನನ್ನ ಡ್ರಮ್ಮಿಗೆ ಬಾಡಿಗೆ ಮನೆನೂ ಇಲ್ಲ. ಎಲ್ಲಿಗೆ ಕರೆದ್ರೂ ಬರ್ತೀನಿ."

"ಟೀಚರ್, ನೀವು ಹೇಳಿ," ಎಂದೆ.

"ನಾನು ಹೆದರ್ಕೊಂಡು ಒಂದ್ ಸಲ ಗುಂಡಿ ಒತ್ತಿದೀನಿ. ಈಗ ನೀವು ಒತ್ತಿ ಅಂದ್ರೆ ಇನ್ನೊಂದ್ ಸಲ ಒತ್ತೀನಿ. ಆಮೇಲೆ ನಿಮ್ಮ ಮುಖ ನೋಡೋಕಾಗಲ್ಲ ನಂಗೆ, ಅಷ್ಟೇ."

ಗುಡುಗಣ್ಣ ಜೊತೆಗೆ ಹಿಡಿದು ತಂದಿದ್ದ ನನ್ನ ಗಿಟಾರ್ ತೆಗೆದುಕೊಂಡೆ. ಒಂದೊಂದೇ ತಂತಿ ಸಡಿಲಿಸಿದೆ. "ಇಳಿಸಿ," ಎಂದೆ.

"ಜನ ಮೋಸ ಅಂದ್ರೆ ಕಂಪನಿ ನಿಮ್ಮ ಜೊತೆ ನಿಲ್ಲಲ್ಲ," ಎಂದ ಮ್ಯಾನೇಜರ್. ಈ ಸಲ ನೋ ಟೆನ್ಷನ್ ಅನ್ನಲಿಲ್ಲ.

ಸಂಜೆ ಸ್ಟೇಡಿಯಂ ತುಂಬಿತ್ತು. ಅಕ್ಕ ಎರಡನೇ ಸಾಲಿನಲ್ಲಿ ಕೂತು ಕೈ ಬೀಸುತ್ತಿದ್ದಳು. ಉಳಿದ ಹಾಡುಗಳು ಹೇಗೆ ಮುಗಿದವೋ ನೆನಪಿಲ್ಲ. ಆ ಹಾಡಿನ ಮೊದಲ ತಂತಿ ಮೀಟಿದ ಕೂಡಲೇ ಸ್ಟೇಡಿಯಂ ತುಂಬ ಕೂಗು ಎದ್ದಿತು. ಮೊದಲ ಸಾಲು ಬಂತು, ಎರಡನೆಯದೂ ಬಂತು. ಆದರೆ ಈ ಧ್ವನಿ ಸ್ವಲ್ಪ ದಪ್ಪ, ಸ್ವಲ್ಪ ದಣಿದದ್ದು. ಮುಂದಿನ ಕುರ್ಚಿಗಳಲ್ಲಿ ಕೂತಿದ್ದ ಒಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಗೊತ್ತಾಯಿತೇ? ಕಾಲು ಕಿತ್ತು ಓಡಬೇಕೆನಿಸಿತು. ಟೀಚರ್ ಇದ್ದ ಕಡೆ ನೋಡಿದೆ. ಅವಳು ಎರಡೂ ಕೈಗಳನ್ನು ಮೇಜಿನಿಂದ ತೆಗೆದು, ಬರಿಗೈ ಎಂದು ತೋರಿಸುವಂತೆ ಮೇಲೆತ್ತಿ ಹಿಡಿದಿದ್ದಳು.

ಕೊನೆಯ ಸಾಲು ಬಂತು. ಗುಡುಗಣ್ಣ ಬಾರಿಸುವುದನ್ನು ನಿಲ್ಲಿಸಿದ. ಅಲ್ಲಿ ವಾದ್ಯಗಳೆಲ್ಲ ನಿಲ್ಲುವುದೇ ಹಾಡಿನ ರೀತಿ. ಅಷ್ಟು ಜನರ ಸ್ಟೇಡಿಯಂ ಒಮ್ಮೆಲೇ ನಿಶ್ಶಬ್ದವಾಯಿತು.

"ತಡವಾದರೂ ಪರವಾಗಿಲ್ಲ," ಎಂದು ಹಾಡಿ, ಕಣ್ಣು ಮುಚ್ಚಿದೆ.

"ಬಾ."

ಏರಿತು. ಅಂಚಿನಲ್ಲಿ ಕೊಂಚ ಒರಟಾಯಿತು, ಒಡೆಯುತ್ತದೆ ಎನಿಸಿ ಜೀವ ಹಿಡಿಯಾಯಿತು, ಒಡೆಯಲಿಲ್ಲ. ನಿಂತಿತು. ಅದು ನನ್ನದೇ ಧ್ವನಿ, ಎಲ್ಲಿಗೂ ಹೋಗದೆ ನನ್ನ ಬಳಿಯೇ ಇದ್ದದ್ದು. ಎಲ್ಲಿಂದಲೋ ಒಬ್ಬರು ಜೊತೆಗೂಡಿದರು, ಆಮೇಲೆ ಇನ್ನಷ್ಟು ಜನ. ಎರಡನೇ ಸಾಲಿನಲ್ಲಿ ಅಕ್ಕನೂ ಬಾಯಿ ತೆರೆದು ಹಾಡುತ್ತಿದ್ದಳು.

ಆಗ ನನ್ನ ಕಿವಿಯಲ್ಲಿ ಕಟಕ್ ಎಂಬ ಸಣ್ಣ ಸದ್ದಾಯಿತು. ಟೀಚರ್ ತನ್ನ ಮೈಕಿನ ಗುಂಡಿ ಒತ್ತಿದ ಸದ್ದು ಅದು. ಜನರ ಗದ್ದಲ ಆಕಾಶ ಮುಟ್ಟಿತ್ತು. ಅದರ ನಡುವೆ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, ಅವಳೆಂದಳು:

"ಬಂದೆ."